ಡೋರ್ಲೆಯ ನಾಲ್ಕು ಪೀಪಾಯಿ

ಡೋರ್ಲೆಯ ಮನೆಯಲ್ಲಿ ವೈನ್ ನಾಲ್ಕೇ ಬಗೆ. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಅವಳೇ ಬರೆಯುತ್ತಿದ್ದಳು. ಒಂದು, ಸಿಲ್ವಾನರ್, ಬಿಳಿ. ಎರಡು, ಟ್ರೋಲಿಂಗರ್, ಕೆಂಪು. ಮೂರು, ಶಿಲ್ಲರ್. ಅದು ಬಿಳಿ ದ್ರಾಕ್ಷಿ ಕೆಂಪು ದ್ರಾಕ್ಷಿ ಎರಡನ್ನೂ ಒಟ್ಟಿಗೆ ಹಿಂಡಿದ್ದು, ಗಾಯ ತೊಳೆದ ನೀರಿನ ಬಣ್ಣ. ನಾಲ್ಕು, ಮೋಸ್ಟ್. ಅದು ದ್ರಾಕ್ಷಿಯದ್ದೇ ಅಲ್ಲ, ಸೇಬು ಮತ್ತು ಮರಸೇಬಿನ ರಸ ಹುಳಿಬಂದದ್ದು.

ಹೆಸರು ಹಿಡಿದು ಯಾರೂ ಕೇಳುತ್ತಿರಲಿಲ್ಲ. ಒಂದು ಕೊಡು, ಮೂರು ಕೊಡು ಎನ್ನುತ್ತಿದ್ದರು. ಟ್ಯೂಬಿಂಗೆನ್ನಿನ ಮೇಲುಪೇಟೆಯಿಂದ ಇಳಿದು ಬರುವ ವಿದ್ಯಾರ್ಥಿಗಳು ಒಂದು ಕುಡಿಯುತ್ತಿದ್ದರು. ಪ್ರೊಫೆಸರರ ಗುಮಾಸ್ತರು ಎರಡು. ಕಟುಕರು, ಗಾಡಿಯವರು ಮೂರು. ಕೆಳಪೇಟೆಯ ನಮ್ಮವರು ನಾಲ್ಕು. ಗುಡ್ಡದ ಮೇಲೆ ಬೆನ್ನು ಮುರಿದು ಬೆಳೆದ ದ್ರಾಕ್ಷಿಯನ್ನು ಬೆಳೆದವರೇ ಕುಡಿದರೆ ಮಾರುವುದೇನನ್ನು?

ನವೆಂಬರಿನಲ್ಲಿ ಬಾಗಿಲ ಮೇಲೆ ಪೊರಕೆ ಕಟ್ಟಿದರೆ ಆ ಮನೆಯಲ್ಲಿ ವೈನ್ ಉಂಟು ಎಂದು ಅರ್ಥ. ಡೋರ್ಲೆ ಮಂಚ ಬಿಚ್ಚಿ ಅಟ್ಟಕ್ಕೆ ಹಾಕಿ, ಮಲಗುವ ಕೋಣೆಯಲ್ಲಿ ಬೆಂಚು ಇಡುತ್ತಿದ್ದಳು. ಹಂದಿಕೊಬ್ಬು ಸವರಿದ ರೊಟ್ಟಿ, ರಕ್ತ ತುಂಬಿದ ಸಾಸೇಜು, ಈರುಳ್ಳಿ ಕೇಕು. ಒಲೆ ಹತ್ತಿರ ಅವಳು, ನೆಲಮಾಳಿಗೆಯಲ್ಲಿ ಅವಳ ಗಂಡ ಬಾಲ್ಟಾಸ್.

ಬಾಲ್ಟಾಸ್ ದೊಡ್ಡ ಆಳು. ಮೈಯಿಂದ ಸದಾ ಗಂಧಕದ ವಾಸನೆ. ಪೀಪಾಯಿ ಒಳಗೆ ಗಂಧಕದ ಬತ್ತಿ ಉರಿಸಿ ಉರಿಸಿ ಅವನ ಕೂದಲಿಗೂ ಅದು ಹತ್ತಿತ್ತು. ಓದು ಬಾರದು. ಕೈ ಮೊದಲು, ಮಾತು ಆಮೇಲೆ. ಡೋರ್ಲೆಗೆ ಹನ್ನೊಂದು ವರ್ಷದಲ್ಲಿ ಎರಡು ಸಲ ಹೊಡೆದಿದ್ದ. ಎರಡನೇ ಸಲ ಅವಳೂ ಸೌಟಿನಲ್ಲಿ ಬಾರಿಸಿದಳು. ಮೂರನೇ ಸಲ ಬರಲಿಲ್ಲ. ಹೊಸ ವೈನಿನ ಮೊದಲ ಲೋಟವನ್ನು ಅವನು ಅರ್ಧ ಕುಡಿದು ಉಳಿದರ್ಧ ಅವಳಿಗೆ ಕೊಡುತ್ತಿದ್ದ. ಅವಳ ಮುಖ ನೋಡುತ್ತಿದ್ದ. ಅವಳು ತಲೆ ಆಡಿಸಿದರೆ ಪೊರಕೆ ಕಟ್ಟುತ್ತಿದ್ದ.

ಮಕ್ಕಳಿಲ್ಲ. ಇದ್ದವನು ಬಾಲ್ಟಾಸನ ತಮ್ಮ ಯೆರ್ಗ್. ಅಪ್ಪ ಅಮ್ಮ ಸತ್ತಾಗ ಯೆರ್ಗ್ ಆರು ವರ್ಷದವನು, ಬಾಲ್ಟಾಸನೇ ಸಾಕಿದ. ಈಗ ಇಪ್ಪತ್ತೇಳು. ಕೊಟ್ಟಿಗೆಯ ಅಟ್ಟದಲ್ಲಿ ಮಲಗುತ್ತಿದ್ದ, ಅಣ್ಣನ ಜೊತೆ ಗುಡ್ಡ ಹತ್ತುತ್ತಿದ್ದ. ಬೇಗ ಅಳುತ್ತಿದ್ದ. ಹಸು ಈದರೂ ಅಳು ಅವನಿಗೆ.

ಆ ವರ್ಷ ಪೊರಕೆ ಕಟ್ಟಿದ ಮೊದಲ ಭಾನುವಾರ, ಚರ್ಚು ಬಿಟ್ಟ ಮೇಲೆ, ಬಣ್ಣದ ಟೋಪಿಯ ಮೂವರು ವಿದ್ಯಾರ್ಥಿಗಳು ಬಂದರು. ಮುಂದಿನವನು ಎಗ್ಗರ್ಟ್. ಉತ್ತರದ ಕಡೆಯವನು, ವೈದ್ಯಕೀಯ ಓದುತ್ತಿದ್ದ. ಅವರ ಸಂಘದ ಕತ್ತಿಯಾಟದಲ್ಲಿ ಎಡ ಕೆನ್ನೆ ಸೀಳಿಕೊಂಡು ಎರಡು ದಿನವಾಗಿತ್ತು. ಹೊಲಿಗೆ ಇನ್ನೂ ಹಸಿ. ನಗಬಾರದು ಎಂದು ಹೇಳಿದ್ದರಂತೆ. ಅವನು ನಗುತ್ತಲೇ ಇದ್ದ, ನಕ್ಕಾಗಲೆಲ್ಲ ದಾರದ ಸಂದಿಯಿಂದ ರಕ್ತ ಹನಿಯುತ್ತಿತ್ತು, ಅದನ್ನು ಕರವಸ್ತ್ರದಲ್ಲಿ ಒತ್ತಿಕೊಂಡು ಮತ್ತೆ ನಗುತ್ತಿದ್ದ.

"ಏನ್ಲಾ, ಮೇಲುಪೇಟೇಲಿ ಮಾಂಸ ಕುಯ್ಯೋಕೆ ಹಂದಿ ಸಿಗ್ಲಿಲ್ವಾ, ನಿಮ್ ಮುಖ ನೀವೇ ಕುಯ್ಕಂಡ್ರಾ?" ಎಂದ ಕಟುಕ ಹಾನ್ಸ್.

"ನಮ್ಮಲ್ಲಿ ಇದಕ್ಕೆ ಮರ್ಯಾದೆ ಅಂತಾರೆ" ಎಂದ ಎಗ್ಗರ್ಟ್.

"ನಮ್ಮಲ್ಲಿ ಇದ್ಕೆ ಇಪ್ಪತ್ತು ಕಾಸಿನ್ ಮಾಲು ಅಂತೀವಿ."

ಎಲ್ಲರೂ ನಕ್ಕರು, ಎಗ್ಗರ್ಟನೂ ನಕ್ಕ, ರಕ್ತ ಬಂತು. ಒಂದು ಕುಡಿದರು, ಇನ್ನೊಂದು ಕುಡಿದರು. ಆಮೇಲೆ ಎಗ್ಗರ್ಟ್ ಎದ್ದು ತೋಳಿನಿಂದ ಹಲಗೆ ಒರೆಸಿ ಹೊಸದಾಗಿ ಬರೆದ. ಓದು ಬಂದವರು ಮೊದಲು ನಕ್ಕರು. ಬಾರದವರು ಅವರನ್ನು ನೋಡಿ ನಕ್ಕರು.

ಬಾಲ್ಟಾಸ್ ಕಲ್ಲಿನ ಜಗ್ಗು ಹಿಡಿದು ನೆಲಮಾಳಿಗೆಯಿಂದ ಮೇಲೆ ಬಂದ. ನಗುವವರನ್ನು ನೋಡಿದ. ಹಲಗೆ ನೋಡಿದ.

"ಏನೇ ಬರ್ದವ್ರೆ?" ಎಂದು ಡೋರ್ಲೆಯನ್ನು ಕೇಳಿದ.

ಅವಳಿಗೂ ಓದು ಅಷ್ಟಕ್ಕಷ್ಟೇ. ಮೂರು ಚಳಿಗಾಲ ಶಾಲೆಗೆ ಹೋಗಿದ್ದವಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಒಂದು, ವಿನಿಗರ್. ಎರಡು, ಕೆಂಪು ವಿನಿಗರ್. ಮೂರು, ಎರಡೂ ಬೆರೆಸಿದ ವಿನಿಗರ್. ನಾಲ್ಕು, ಕುದುರೆ ಉಚ್ಚೆ.

ಅದೇ ಹಳೇದೇ ಬರೆದಿದ್ದಾರೆ ಎಂದು ಹೇಳಬಹುದಿತ್ತು. ಅವನಿಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಕೆಳಪೇಟೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ರೂಢಿ. ಹೇಳಿದಳು.

ಬಾಲ್ಟಾಸ್ ಯೋಚನೆ ಮಾಡಿದ. "ಮೊದ್ಲು ಮೂರು ಸರಿ ಬುಡು. ಆ ಬೆಟ್ಟದ್ ಮ್ಯಾಲೆ ಬಿಸ್ಲೆಲ್ಲೈತೆ, ಹುಳೀನೇ. ನಾಲ್ಕನೇದು ಸುಳ್ಳು. ನಾಲ್ಕನೇದು ನಾವ್ ಕುಡ್ಯೋದು."

ಹೇಳಿ ಮುಗಿಸಿ ಜಗ್ಗನ್ನು ಎಗ್ಗರ್ಟನ ಹೊಲಿಗೆ ಹಾಕಿದ ಕೆನ್ನೆಗೆ ಅಪ್ಪಳಿಸಿದ.

ಕೆನ್ನೆ ತೆರೆದುಕೊಂಡಿತು. ಒಳಗಿನ ಹಲ್ಲು ಹೊರಗಿನಿಂದ ಕಾಣಿಸಿತು. ಆಮೇಲೆ ಬೆಂಚು ಎದ್ದವು. ಕಟುಕ ಹಾನ್ಸ್ ಒಬ್ಬ ವಿದ್ಯಾರ್ಥಿಯ ಕುತ್ತಿಗೆ ಹಿಡಿದು ಒಲೆಗೆ ಒತ್ತಿದ, ಕೂದಲು ಸುಟ್ಟ ವಾಸನೆ ಬಂತು. ಯೆರ್ಗ್‌ನ ಮೂಗು ಮುರಿಯಿತು. ಡೋರ್ಲೆ ಬೋರಲು ಬಿದ್ದಳು, ಒಡೆದ ಲೋಟ ಅಂಗೈಗೆ ಇಳಿಯಿತು. ವಿದ್ಯಾರ್ಥಿಗಳ ಕೈಯಲ್ಲಿ ತುದಿಗೆ ಕಬ್ಬಿಣ ಕಟ್ಟಿದ ದೊಣ್ಣೆ ಇದ್ದವು. ಅದರಲ್ಲೊಂದು ಬಾಲ್ಟಾಸನ ತಲೆಗೆ ಬಿತ್ತು. ಒಣಗಿದ ಪೀಪಾಯಿ ಹಲಗೆ ಸೀಳಿದ ಹಾಗೆ ಸದ್ದಾಯಿತು. ಯಾರ ದೊಣ್ಣೆ ಎಂದು ಕೊನೆಗೂ ಗೊತ್ತಾಗಲಿಲ್ಲ. ಬಾಲ್ಟಾಸ್ ನಿಂತೇ ಇದ್ದ. ಏನೋ ಮರೆತವನ ಹಾಗೆ ಸುತ್ತ ನೋಡಿದ. ಆಮೇಲೆ ಮೊಣಕಾಲ ಮೇಲೆ ಕೂತ, ಮುಂದಕ್ಕೆ ಬಿದ್ದ.

ದ್ರಾಕ್ಷಿ ಹೇರುವ ಕೈಗಾಡಿಯಲ್ಲೇ ಹಾಕಿಕೊಂಡು ಗುಡ್ಡದ ಮೇಲಿನ ಆಸ್ಪತ್ರೆಗೆ ತಳ್ಳಿದರು. ಡೋರ್ಲೆ ಕೈಗೆ ಏಪ್ರನ್ ಸುತ್ತಿಕೊಂಡು ಹಿಂದೆ ನಡೆದಳು. ಅವಳನ್ನು ಒಂದು ಕೋಣೆಯಲ್ಲಿ ಕೂರಿಸಿ ಅಂಗೈ ಹೊಲಿದರು. ಯೆರ್ಗ್ ಅಣ್ಣನನ್ನು ಒಯ್ದ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಬಾಗಿಲು ಒಂದು ಸಲ ತೆರೆಯಿತು. ಅಣ್ಣ ಮಲಗಿದ್ದ. ಅಣ್ಣನ ಮುಖದ ಮೇಲೆ ಬಿಳಿ ಬಟ್ಟೆ ಇತ್ತು.

ಅಷ್ಟು ಸಾಕಾಯಿತು ಅವನಿಗೆ. ಯಾರನ್ನೂ ಕೇಳಲಿಲ್ಲ. ಅತ್ತಿಗೆಗೂ ಹೇಳಲಿಲ್ಲ. ಗುಡ್ಡ ಇಳಿದು ಓಡಿದ.

ನಮ್ಮ ಕೆಳಪೇಟೆಯಲ್ಲಿ ಮನೆಯ ಯಜಮಾನ ಸತ್ತರೆ ಪೀಪಾಯಿಗಳಿಗೆ ಹೇಳಬೇಕು. ಹೆಣ ತಣ್ಣಗಾಗುವುದರೊಳಗೆ ಹೇಳಬೇಕು. ಒಂದೊಂದು ಪೀಪಾಯಿಗೂ ಮೂರು ಸಲ ಬಡಿದು, ಸತ್ತವನ ಹೆಸರು ಹೇಳಿ, ಇನ್ನು ಮುಂದಿನ ಯಜಮಾನನ ಹೆಸರು ಹೇಳಬೇಕು. ಹೇಳದಿದ್ದರೆ ಒಳಗಿನ ವೈನ್ ಕೆಟ್ಟು ದಾರದ ಹಾಗೆ ಎಳೆ ಬರುತ್ತದೆ. ಯೆರ್ಗ್ ನೆಲಮಾಳಿಗೆಗೆ ಇಳಿದು ಬಿರಡೆ ಬಡಿಯುವ ಕೊಡತಿ ತೆಗೆದುಕೊಂಡ. ಮುರಿದ ಮೂಗಿನಿಂದ ರಕ್ತ, ಕಣ್ಣಿಂದ ನೀರು. ನಾಲ್ಕಕ್ಕೂ ಬಡಿದ.

"ನಿಮ್ಮ ಯಜಮಾನ ಬಾಲ್ಟಾಸ್ ಸತ್ತ. ಇನ್ಮೇಲೆ ನಿಮ್ಮ ಯಜಮಾನ ಯೆರ್ಗ್."

ನೆಲಮಾಳಿಗೆಯ ಕಿಂಡಿ ಬೀದಿಗೆ ತೆರೆದಿತ್ತು. ಪಕ್ಕದ ಮನೆಯ ಮುದುಕಿ ಅನ್ನಮೇ ಕೇಳಿಸಿಕೊಂಡಳು. ಅನ್ನಮೇ ಕೇಳಿದರೆ ಬೀದಿ ಕೇಳಿದ ಹಾಗೆ.

ಆಸ್ಪತ್ರೆಯಲ್ಲಿ ಬಾಲ್ಟಾಸನ ಮುಖಕ್ಕೆ ಹಾಕಿದ್ದು ಮಂಜುಗಡ್ಡೆ ಸುತ್ತಿದ ಬಟ್ಟೆ. ಬೆಳಕು ಕಣ್ಣಿಗೆ ಬೀಳಬಾರದು ಎಂದು ಹಾಕಿದ್ದರು. ಡೋರ್ಲೆ ಸಂಜೆ ಮನೆಗೆ ಬಂದಾಗ ಕಪ್ಪು ಬಟ್ಟೆ ಉಟ್ಟ ಹೆಂಗಸರು ಬಾಗಿಲಲ್ಲಿ ನಿಂತಿದ್ದರು.

"ಬದ್ಕವ್ನೆ. ನೀವ್ಯಾಕ್ ಬಂದ್ರಿ?" ಎಂದಳು.

ಅವರು ಮೆಟ್ಟಿಲ ಕಡೆ ನೋಡಿದರು. ಯೆರ್ಗ್ ಮೆಟ್ಟಿಲ ಮೇಲೆ ಕೂತಿದ್ದ, ಕೊಡತಿ ತೊಡೆಯ ಮೇಲೆ. ಅವಳಿಗೆ ತಿಳಿಯಿತು. ಬಾಗಿಲ ಮೇಲಿನ ಪೊರಕೆ ಕಿತ್ತು ಅವನಿಗೆ ಬಡಿದಳು. ಪೊರಕೆಯ ಕಡ್ಡಿ ಉದುರುವ ತನಕ, ಹೊಲಿದ ಅಂಗೈ ಬಿಚ್ಚಿಕೊಳ್ಳುವ ತನಕ ಬಡಿದಳು. ಅವನು ಕೈ ಅಡ್ಡ ಹಿಡಿಯಲಿಲ್ಲ.

"ಮುಖದ್ ಮ್ಯಾಲೆ ಬಟ್ಟೆ ಇತ್ತು ಅತ್ಗೆ" ಎಂದ. "ವೈನ್ ಕೆಟ್ಟೋಯ್ತದೆ ಅಂತ ಓಡ್ಬಂದೆ."

ಹತ್ತೊಂಬತ್ತು ದಿನವಾದ ಮೇಲೆ ಬಾಲ್ಟಾಸ್ ಮನೆಗೆ ಬಂದ. ಬೋಳಿಸಿದ ತಲೆಯ ಬಲಗಡೆ ಹೆಬ್ಬೆಟ್ಟು ಹಿಡಿಸುವಷ್ಟು ತಗ್ಗು. ಒಂದು ಕಣ್ಣಿನ ರೆಪ್ಪೆ ಅರ್ಧ ಮುಚ್ಚಿತ್ತು. ಬೀದಿಯಲ್ಲಿ ನಡೆದು ಬರುವಾಗ ಗಾಡಿಯವನೊಬ್ಬ ಕೂಗಿದ.

"ಏನ್ ಬಾಲ್ಟಾಸ್, ಮ್ಯಾಲ್ಗಡೆ ಜಾಗ ಇರ್ಲಿಲ್ವಾ? ವಾಪಸ್ ಕಳ್ಸುದ್ರಾ?"

"ನಿಮ್ಮಪ್ಪ ಸಿಕ್ಕಿದ್ದ, ನಿನ್ನ ಬೇಗ ಕಳ್ಸು ಅಂದ" ಎಂದ ಬಾಲ್ಟಾಸ್. ಬೀದಿ ನಕ್ಕಿತು. ಡೋರ್ಲೆಗೆ ಜೀವ ಬಂತು. ಮಾತು ಮೊದಲಿನ ಹಾಗೇ ಇದೆ ಎಂದುಕೊಂಡಳು.

ಮರುದಿನ ಹೊಸ ಪೊರಕೆ ಕಟ್ಟಿದಳು. ಹಲಗೆ ತೊಳೆದು ನಾಲ್ಕು ಹೆಸರು ಬರೆದಳು. ಕೇಕು ಬೇಯಿಸಿದಳು. ಯಾರೂ ಬರಲಿಲ್ಲ. ಎರಡನೇ ದಿನವೂ ಬರಲಿಲ್ಲ. ಕೆಳಪೇಟೆಯವರು ಬಾಗಿಲ ಮುಂದೆ ಹಾದು ಪಕ್ಕದ ಓಣಿಯಲ್ಲಿ ಪೊರಕೆ ಕಟ್ಟಿದ ಮನೆಗೆ ಹೋದರು. ಮೂರನೇ ದಿನ ಅವಳು ಅನ್ನಮೇಯನ್ನು ಬೀದಿಯಲ್ಲಿ ತಡೆದು ಕೇಳಿದಳು.

"ಏನಾಗದೆ ನನ್ ವೈನ್‌ಗೆ?"

"ಪೀಪಾಯಿಗೆ ಒಂದ್ಸಲ ಹೇಳುದ್ಮೇಲೆ ಹೇಳುದ್ದೇ ಕಣವ್ವ" ಎಂದಳು ಅನ್ನಮೇ. "ಈಗ ಅದ್ರ ಯಜಮಾನ ಯೆರ್ಗು. ನಿನ್ ಗಂಡ ಬಗ್ಗಿಸಿ ಕೊಟ್ರೆ ಸತ್ತೋನ್ ಕೈಯಿಂದ ಕುಡ್ದಂಗೆ. ಯಾವನ್ ಕುಡೀತಾನೆ?"

"ಇನ್ನೊಂದ್ಸಲ ಹೇಳುದ್ರೆ? ಬದ್ಕವ್ನೆ ಅಂತ?"

"ಅದೇನು ಪೀಪಾಯೋ, ಮೊಮ್ಮಗುವೋ, ದಿನಾ ಒಂದ್ ಕಥೆ ಹೇಳಾಕೆ? ಒಬ್ಬ ಸಾಯ್ಬೇಕು. ಯೆರ್ಗಾದ್ರೂ ಸಾಯ್ಬೇಕು, ಇವ್ನಾದ್ರೂ ಸಾಯ್ಬೇಕು. ಆಗ್ಲೇ ಸರಿಹೋಗೋದು."

ಬಾಲ್ಟಾಸ್ ಕಿಟಕಿಯಲ್ಲಿ ನಿಂತಿದ್ದ. ಊಟಕ್ಕೆ ಕೂತಾಗ ಒಂದೇ ಮಾತು ಹೇಳಿದ. "ಕೇಳುಸ್ಕಂಡೆ."

ಅವತ್ತಿನಿಂದ ದ್ರಾಕ್ಷಿ ಬಳ್ಳಿ ಸವರುವ ಮಚ್ಚು ಅವನ ಸೊಂಟ ಬಿಡಲಿಲ್ಲ. ಊಟಕ್ಕೆ ಕೂತರೂ ಅದೇ. ಡೋರ್ಲೆಗೆ ಗೊತ್ತಾಯಿತು. ಇವನು ತಮ್ಮನನ್ನು ಕೊಲ್ಲುತ್ತಾನೆ. ಕೊಂದರೆ ಇವನ ತಲೆಯನ್ನು ಸರ್ಕಾರ ಕಡಿಯುತ್ತದೆ. ಇಬ್ಬರೂ ಹೋಗುತ್ತಾರೆ.

ಮಚ್ಚನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ಬಾಲ್ಟಾಸ್ ಹುಡುಕಿ ತೆಗೆದು, ಹಿಟ್ಟು ಒರೆಸಿ, ಕಲ್ಲಿಗೆ ಮಸೆದು ಮತ್ತೆ ಸೊಂಟಕ್ಕೆ ಸಿಕ್ಕಿಸಿದ. ಬೈಯಲಿಲ್ಲ. ಮೊದಲಾಗಿದ್ದರೆ ಬೈಯುತ್ತಿದ್ದ. ಅದೇ ಅವಳಿಗೆ ಹೆದರಿಕೆ ತಂದಿತು.

ಕೊಟ್ಟಿಗೆಗೆ ಹೋಗಿ ಯೆರ್ಗ್‌ಗೆ ಹೇಳಿದಳು. "ಹೊರ್ಟೋಗು. ಇವತ್ತೇ ಹೋಗು."

"ಎಲ್ಲಿಗ್ ಹೋಗ್ಲಿ ಅತ್ಗೆ? ದ್ರಾಕ್ಷಿ ಬಿಟ್ರೆ ನಂಗೇನ್ ಬತ್ತದೆ?"

"ರೈಲಿಗೆ ಕಲ್ಲಿದ್ಲು ಹಾಕು. ಭಿಕ್ಷೆ ಬೇಡು. ಇಲ್ಲಿದ್ರೆ ಕಡ್ದಾಕ್ತಾನೆ."

"ಕಡೀಲಿ. ನಾನ್ ಮಾಡುದ್ದು ನಾನ್ ತಿಂತೀನಿ. ಅಣ್ಣನ್ನ ಈ ಸ್ಥಿತೀಲಿ ಬುಟ್ಟು ಎಲ್ಲಿಗೂ ಹೋಗಾಕಿಲ್ಲ."

"ದನಕ್ಕೆ ನಿನ್ಗಿಂತ ಬುದ್ಧಿ ಐತೆ" ಎಂದು ಬಂದುಬಿಟ್ಟಳು.

ಮರುದಿನ ಮಧ್ಯಾಹ್ನ ಅವಳು ಒಂದು ಬೆಂಚನ್ನು ಬೀದಿಗೆ ಎಳೆದಳು. ನಾಲ್ಕು ದೊಡ್ಡ ಲೋಟ ಇಟ್ಟಳು, ಒಂದೊಂದರಲ್ಲೂ ಒಂದೊಂದು ಪೀಪಾಯಿಯದ್ದು. ಗಂಡನ ಕೈಯಿಂದಲೇ ಬಗ್ಗಿಸಿಕೊಂಡಳು. ಬೀದಿಯವರು ನೋಡುತ್ತಿದ್ದಂತೆ ಒಂದು ಕುಡಿದಳು. ಎರಡು ಕುಡಿದಳು. ಮೂರು ಕುಡಿದಳು.

"ನೋಡ್ರಿ, ಸತ್ತಿಲ್ಲ ನಾನು."

"ಇನ್ನೂ ಒಂದದೆ ಕುಡ್ಯವ್ವ, ಆಮೇಲ್ ನೋಡುವಾ" ಎಂದರು ಯಾರೋ.

ನಾಲ್ಕನ್ನೂ ಕುಡಿದಳು. ಗೋಡೆ ಹಿಡಿದು ಎಲ್ಲವನ್ನೂ ಕಕ್ಕಿದಳು. ಬೀದಿ ನಕ್ಕು ಮನೆಗೆ ಹೋಯಿತು. ಬಾಲ್ಟಾಸ್ ಬೆಂಚನ್ನು ಒಳಗೆ ತಂದು, ಮಚ್ಚಿನಿಂದ ಅದರ ಕಾಲು ನಾಲ್ಕನ್ನೂ ಕಡಿದು ಒಲೆಗೆ ಹಾಕಿದ.

ಆ ವಾರ ಅವರ ಬಾಗಿಲು ದಾಟಿ ಬಂದವನು ಒಬ್ಬನೇ. ಎಗ್ಗರ್ಟ್. ಕೆನ್ನೆ ಬಾವುಕಟ್ಟಿ ಮೊದಲಿಗಿಂತ ಕೆಟ್ಟದಾಗಿ ಕೂಡಿಕೊಂಡಿತ್ತು, ಬಾಯಿ ಒಂದು ಕಡೆ ಎಳೆದಿತ್ತು. ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

"ಬರಬಹುದಾ ಯಜಮಾನರೇ?"

ಬಾಲ್ಟಾಸ್ ಎದ್ದ. ಡೋರ್ಲೆ ಬಾಣಲೆ ಹಿಡಿದುಕೊಂಡಳು. ಅವನು ಕೆಳಗಿಳಿದು ಒಂದು ಲೋಟ ಮೋಸ್ಟ್ ತಂದು ಎಗ್ಗರ್ಟನ ಮುಂದೆ ಇಟ್ಟ.

"ಕುಡಿ. ಕುಡ್ದು ಹೇಳು, ಕುದುರೇದಾ?"

ಎಗ್ಗರ್ಟ್ ನಿಧಾನವಾಗಿ ಕುಡಿದ. ಬಾಯಿಯ ಎಳೆದ ಕಡೆಯಿಂದ ಸ್ವಲ್ಪ ಸೋರಿತು. "ಅಲ್ಲ" ಎಂದ. "ಸೇಬಿನದು. ಚೆನ್ನಾಗಿದೆ."

ಬಾಲ್ಟಾಸ್ ನಕ್ಕ. ಮನೆಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು. ಇಬ್ಬರೂ ಒಬ್ಬರ ಗಾಯ ಒಬ್ಬರು ನೋಡುತ್ತ ಕೂತರು. ಕೊನೆಗೆ ಎಗ್ಗರ್ಟ್ ಕೇಳಿ ಆ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದ. ಬಾಲ್ಟಾಸ್ ಮಗುವಿನ ಹಾಗೆ ತಲೆ ಬಗ್ಗಿಸಿ ಕೊಟ್ಟ.

ಹೋಗುವಾಗ ಎಗ್ಗರ್ಟ್ ಡೋರ್ಲೆಯನ್ನು ಹೊರಗೆ ಕರೆದ. "ಅಲ್ಲಿ ಮೂಳೆ ಇಲ್ಲಮ್ಮ. ಬರೀ ಚರ್ಮ. ಸಣ್ಣ ಪೆಟ್ಟೂ ಬೀಳಬಾರದು. ಆ ಸಿಟ್ಟು ಕೂಡ ಅಲ್ಲಿಂದಲೇ ಬರ್ತಿರೋದು. ಅವರದಲ್ಲ ಅದು."

"ಅವ್ನ್ದೇ" ಎಂದಳು ಡೋರ್ಲೆ. "ಮುಂಚೆ ಬಾಯ್ಗೆ ಬರ್ತಿತ್ತು, ಖಾಲಿ ಆಗ್ತಿತ್ತು. ಈಗ ಒಳ್ಗೇ ನಿಂತ್ಕಂಡದೆ."

ಡಿಸೆಂಬರ್ ಬಂತು. ವೈನನ್ನು ತಳದ ಗಸಿ ಬಿಟ್ಟು ಬೇರೆ ಪೀಪಾಯಿಗೆ ಬಗ್ಗಿಸುವ ಕಾಲ. ಅದು ಕಾಯುವ ಕೆಲಸವಲ್ಲ, ಒಬ್ಬನ ಕೈಲಿ ಆಗುವ ಕೆಲಸವೂ ಅಲ್ಲ. ಒಂದು ಬೆಳಿಗ್ಗೆ ಬಾಲ್ಟಾಸ್ ಒಬ್ಬನೇ ಕೆಳಗಿಳಿದ. ಪೀಪಾಯಿ ಎತ್ತಲು ಏದುಸಿರು ಬಿಡುವ ಸದ್ದು ಮೇಲಕ್ಕೆ ಕೇಳಿಸುತ್ತಿತ್ತು. ಡೋರ್ಲೆ ತಾನೇ ಇಳಿಯಬೇಕೆಂದು ಕೈ ಒರೆಸಿಕೊಳ್ಳುವುದರೊಳಗೆ ಯೆರ್ಗ್ ಕೊಟ್ಟಿಗೆಯಿಂದ ಬಂದು ಮೆಟ್ಟಿಲಿಳಿದ. ಇಪ್ಪತ್ತು ವರ್ಷ ಆ ಕೆಲಸವನ್ನು ಅಣ್ಣನ ಜೊತೆ ಮಾಡಿದವನು. ಸದ್ದು ಕೇಳಿ ಅವನ ಕಾಲು ತಾನಾಗಿ ಬಂದಿತ್ತು.

"ನಿನ್ ಪೀಪಾಯಿ ನೋಡಾಕ್ ಬಂದ್ಯಾ, ಯಜಮಾನ?" ಎಂದ ಬಾಲ್ಟಾಸ್.

"ಎತ್ತಾಕ್ ಬಂದೆ ಅಣ್ಣ. ಒಂದ್ ಕಡೆ ಹಿಡ್ಕೊ."

"ಯಾವ್ ಕಡೆ ಹಿಡೀಲಿ ಹೇಳಿ ಯಜಮಾನ್ರೆ. ನೀವ್ ಹೇಳ್ದಂಗೆ."

"ಅಣ್ಣ, ನಾನ್ ಅತ್ಕಂಡೇ ಬಡ್ದಿದ್ದು."

"ಅತ್ಕಂಡೋ, ನಕ್ಕಂಡೋ. ಪೀಪಾಯಿಗೇನ್ ಕಣ್ಣೈತೇನ್ಲಾ?"

ಮಚ್ಚು ಯೆರ್ಗ್‌ನ ಎಡ ಭುಜಕ್ಕೆ ಇಳಿಯಿತು. ಮೂಳೆಯಲ್ಲಿ ಸಿಕ್ಕಿಕೊಂಡಿತು. ಬಾಲ್ಟಾಸ್ ತಮ್ಮನ ಎದೆಗೆ ಕಾಲಿಟ್ಟು ಅದನ್ನು ಕಿತ್ತ. ಎರಡನೇ ಏಟಿಗೆ ಯೆರ್ಗ್ ಪಕ್ಕಕ್ಕೆ ಉರುಳಿದ, ಮಚ್ಚು ಮೂರನೇ ಪೀಪಾಯಿಯ ಹೊಟ್ಟೆ ಸೀಳಿತು. ಶಿಲ್ಲರ್ ಚಿಮ್ಮಿ ಇಬ್ಬರ ಮುಖಕ್ಕೂ ಹೊಡೆಯಿತು. ಡೋರ್ಲೆ ಮೆಟ್ಟಿಲ ಮೇಲಿಂದ ಹಾರಿ ಗಂಡನ ಬೆನ್ನಿಗೆ ಬಿದ್ದಳು. ಅವನು ಮೊಣಕೈಯಿಂದ ಹಿಂದಕ್ಕೆ ತಿವಿದ, ಅವಳ ಎರಡು ಹಲ್ಲು ಬಿದ್ದವು. ಅವಳು ಗೋಡೆಗೆ ಬಡಿದು ಕೂತಳು. ಕೂತಲ್ಲಿ ಕೊಡತಿ ಕೈಗೆ ಸಿಕ್ಕಿತು.

ಯೆರ್ಗ್ ವೈನಿನಲ್ಲಿ ಬಿದ್ದಿದ್ದ. ಬಾಲ್ಟಾಸ್ ಎರಡು ಕೈಯಲ್ಲಿ ಮಚ್ಚು ಎತ್ತಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ. ಬಳ್ಳಿ ಸವರುವಾಗ ಇರುವ ಮುಖವೇ.

ಡೋರ್ಲೆ ಅವನ ಮಣಿಕಟ್ಟಿಗೆ ಗುರಿ ಇಟ್ಟಳು. ಬೀಸುವಾಗ ಅವನ ಹೆಸರು ಕೂಗಿದಳು. ಹೆಸರು ಕೇಳಿ ಅವನು ತಿರುಗಿದ. ಮಣಿಕಟ್ಟು ಇದ್ದಲ್ಲಿ ತಲೆ ಬಂತು.

ಸದ್ದು ದೊಡ್ಡದಾಗಿ ಬರಲಿಲ್ಲ. ಕೊಡತಿ ಆ ತಗ್ಗಿನಲ್ಲಿ ಸರಿಯಾಗಿ ಕೂತಿತು.

ಅವನು ಅವಳನ್ನು ನೋಡಿದ. ಒಂದು ಕಣ್ಣು ಪೂರ್ತಿ ತೆರೆದು, ಒಂದು ಕಣ್ಣು ಅರ್ಧ ತೆರೆದು. ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಬೈದಿದ್ದರೂ ಸಾಕಿತ್ತು. ಕಾಲು ಮಡಿಸಿ ಕೂತ, ಅವಳ ತೊಡೆಯ ಮೇಲೆ ಒರಗಿದ. ಅವಳು ಏಪ್ರನ್‌ನಿಂದ ಅವನ ಮುಖದ ವೈನ್ ಒರೆಸಿದಳು. ಒರೆಸುತ್ತಲೇ ಇದ್ದಳು. ಶಿಲ್ಲರ್ ಸುರಿಯುತ್ತಲೇ ಇತ್ತು.

ಯೆರ್ಗ್ ಭುಜ ಹಿಡಿದು ಗೋಡೆಗೆ ಒರಗಿ ಎದ್ದ. "ಅತ್ಗೆ, ನಾನೇ ಹೊಡ್ದೆ ಅಂತೀನಿ" ಎಂದ. "ಒಂದ್ಸಲ ಆಗ್ಲೇ ಸಾಯ್ಸಿವ್ನಿ. ಇನ್ನೊಂದ್ಸಲ ನಾನೇ ಅಂದ್ರೆ ಏನ್ ಹೋಯ್ತದೆ?"

"ನೀನ್ ಬಾಯ್ಮುಚ್ಕಂಡಿರು. ನಿನ್ ಬಾಯಿಂದ್ಲೇ ಇಷ್ಟಾಯ್ತು."

ಪೊಲೀಸಿನವನು ಬಂದ. ಹಾಗೆಲೆ ಎಂದು ಹೆಸರು, ಕೆಳಪೇಟೆಯ ದ್ರಾಕ್ಷಿಯವರ ಮಗನೇ. ಹೆಣ ನೋಡಿದ, ಮೆಟ್ಟಿಲು ನೋಡಿದ, ಯೆರ್ಗ್‌ನ ಭುಜ ನೋಡಿದ.

"ನಾನ್ ಹೊಡ್ದೆ" ಎಂದಳು ಡೋರ್ಲೆ. "ಈ ಕೊಡ್ತೀಲಿ."

"ಡೋರ್ಲೆಯಕ್ಕ, ದುಃಖ್ದಾಗ್ ಏನೇನೋ ಮಾತಾಡ್ಬೇಡಿ."

"ದುಃಖ ಬೇರೆ, ಇದ್ ಬೇರೆ. ಕೈಗ್ ಹೊಡೆಯಾಕ್ ಹೋದೆ, ತಲೇಗ್ ಬಿತ್ತು. ಬರ್ಕೊ."

ಹಾಗೆಲೆ ಯೆರ್ಗ್ ಕಡೆ ನೋಡಿದ. ಯೆರ್ಗ್ ನೆಲ ನೋಡುತ್ತ ಹೇಳಿದ. "ಮಚ್ಚು ಕೈಲಿಡ್ಕಂಡು ಇಳೀತಿದ್ದ. ಜಾರ್ದ. ನನ್ ಮ್ಯಾಲ್ ಬಿದ್ದ. ಆಮೇಲ್ ಕಲ್ಲಿಗ್ ತಲೆ ಬಡ್ಕಂಡ."

"ಸುಳ್ಳು" ಎಂದಳು.

ಹಾಗೆಲೆ ಬಹಳ ಹೊತ್ತು ಪೆನ್ಸಿಲು ಕಚ್ಚಿಕೊಂಡು ನಿಂತ. ತಲೆ ಒಡೆದು ಆಸ್ಪತ್ರೆಯಲ್ಲಿದ್ದು ಬಂದವನು, ಮೆಟ್ಟಿಲು ಒದ್ದೆ, ಹೆಂಗಸು ಬಾಯಲ್ಲಿ ರಕ್ತ ಇಟ್ಟುಕೊಂಡು ಹುಚ್ಚುಹುಚ್ಚಾಗಿ ಮಾತಾಡುತ್ತಾಳೆ. ಜಾರಿ ಬಿದ್ದ ಎಂದು ಬರೆದ. ರುಜು ಹಾಕು ಎಂದು ಅವಳ ಮುಂದೆ ಹಿಡಿದ. ಏನು ಬರೆದಿದೆ ಎಂದು ಬೆರಳಿಟ್ಟು ಓದಿ ಅವಳು ಕಾಗದ ತಳ್ಳಿದಳು. ಅವನೇ ಅವಳ ಬೆರಳು ಹಿಡಿದು ಮಸಿಗೆ ಅದ್ದಿ ಒತ್ತಿಸಿಕೊಂಡು ಹೋದ.

ಹೂಳಿ ಬಂದ ಮರುದಿನ ಕೆಳಪೇಟೆ ಬಂತು. ಪೊರಕೆ ಕಟ್ಟಿರಲಿಲ್ಲ, ಆದರೂ ಬಂದರು. ಈಗ ಪೀಪಾಯಿಗಳಿಗೆ ಒಬ್ಬನೇ ಯಜಮಾನ. ಬೆಂಚು ಸಾಲದೆ ನಿಂತೇ ಕುಡಿದರು. ಕಟುಕ ಹಾನ್ಸ್ ಲೋಟ ಎತ್ತಿದ. "ಪೀಪಾಯಿ ಸುಳ್ಳು ಹೇಳಾಕಿಲ್ಲ. ಅದ್ಕೆ ಮುಂಚೇನೇ ಗೊತ್ತಿತ್ತು." ಎಲ್ಲರೂ ತಲೆ ಆಡಿಸಿದರು. ಅನ್ನಮೇ ಎರಡು ಲೋಟ ಕುಡಿದಳು. ಕ್ರಿಸ್‌ಮಸ್ಸಿನ ಹೊತ್ತಿಗೆ ಉಳಿದ ಮೂರು ಪೀಪಾಯಿಯೂ ಖಾಲಿ. ಡೋರ್ಲೆ ಬಗ್ಗಿಸಿ ಬಗ್ಗಿಸಿ ಕೊಟ್ಟಳು. ಬಾಯಲ್ಲಿ ಹಲ್ಲು ಹೋದ ಜಾಗಕ್ಕೆ ನಾಲಿಗೆ ಹೋಗುತ್ತಿತ್ತು, ವಾಪಸು ಬರುತ್ತಿತ್ತು.

ಯೆರ್ಗ್‌ನ ಎಡಗೈ ಒಣಗಿತು. ವಸಂತದಲ್ಲಿ ಅವನು ಒಂದು ದಿನ ಕೇಳಿದ. "ಅತ್ಗೆ, ಜನ ಮಾತಾಡ್ತಾರೆ. ಮದ್ವೆ ಆಗ್ಬುಡಾದಾ?"

"ಬ್ಯಾಡ."

"ಸರಿ" ಎಂದ. ಇನ್ನೊಂದು ಸಲ ಕೇಳಲಿಲ್ಲ. ಒಂದೇ ಕೈಯಲ್ಲಿ ಗುಡ್ಡ ಅಗೆದ. ಅವಳು ಕೂರುವ ಮೊದಲು ಊಟಕ್ಕೆ ಕೂರುತ್ತಿರಲಿಲ್ಲ. ಹಾಗೇ ಒಂದೇ ಸೂರಿನ ಕೆಳಗೆ ಇಪ್ಪತ್ತಾರು ವರ್ಷ ಕಳೆದರು. ಯೆರ್ಗ್ ಬದುಕಿದ್ದ. ಅವಳು ಮಾಡಿದ್ದು ಅದಕ್ಕಾಗಿಯೇ.

ಹೊಸ ವೈನಿನ ಮೊದಲ ಲೋಟ ಅವಳು ಅರ್ಧ ಕುಡಿಯುತ್ತಿದ್ದಳು. ಉಳಿದರ್ಧ ನೆಲಕ್ಕೆ ಚೆಲ್ಲುತ್ತಿದ್ದಳು. ಯಾಕೆ ಎಂದು ಯೆರ್ಗ್ ಕೇಳುತ್ತಿರಲಿಲ್ಲ.

ನಿಜವನ್ನು ಅವಳು ಬಚ್ಚಿಡಲಿಲ್ಲ. ಪಾದ್ರಿಗೆ ಹೇಳಿದಳು. ದುಃಖಕ್ಕೆ ಮನಸ್ಸು ತನ್ನ ಮೇಲೇ ತಪ್ಪು ಹೊರಿಸಿಕೊಳ್ಳುತ್ತದೆ ಮಗಳೇ ಎಂದು ಅವನು ತಲೆ ಸವರಿದ. ಬೀದಿಗೆ ಹೇಳಿದಳು. ಕೆಳಪೇಟೆಯಲ್ಲಿ ಎಲ್ಲರೂ ಎಲ್ಲರಿಗೂ ದಿನಕ್ಕೆ ಹತ್ತು ಸಲ ಕೊಲ್ಲುವ ಮಾತು ಆಡುತ್ತಾರೆ. ಅದರಲ್ಲಿ ಇದೂ ಒಂದಾಯಿತು.

ವಿದ್ಯಾರ್ಥಿಗಳು ಮತ್ತೆ ಬರತೊಡಗಿದರು. ಹೊಸಬರು, ಹೊಸ ಟೋಪಿ, ಹೊಸ ಗಾಯ. ಒಬ್ಬ ಒಂದು ಸಲ ಸಿಲ್ವಾನರ್ ಕುಡಿದು ಮುಖ ಕಿವುಚಿ ಕೇಳಿದ.

"ಏನಮ್ಮ ಇದು, ಇಷ್ಟು ಹುಳಿ? ಇದನ್ನ ಯಾರು ಕುಡೀತಾರೆ?"

"ಗಂಡನ್ನೇ ಕೊಡ್ತೀಲಿ ಹೊಡ್ದು ಸಾಯ್ಸಿವ್ನಿ ನಾನು" ಎಂದಳು ಡೋರ್ಲೆ. "ನೀನ್ಯಾವ್ ಲೆಕ್ಕ? ಕುಡಿ."

ಕೋಣೆ ಪೂರ್ತಿ ನಕ್ಕಿತು. ಆ ಹುಡುಗ ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಮೇಲುಪೇಟೆಗೆ ಸುದ್ದಿ ಹೋಯಿತು. ಕೆಳಪೇಟೆಯ ಒರಟು ಮಾತು ಕೇಳಬೇಕಾದರೆ ಡೋರ್ಲೆಯ ಪೊರಕೆ ಮನೆಗೆ ಹೋಗಬೇಕು ಎಂದು. ಅದನ್ನು ಕೇಳಲೆಂದೇ ಬರುತ್ತಿದ್ದರು. ಬಂದು, ಹಲಗೆ ನೋಡಿ, ಒಂದು ಕೇಳಿ, ಒಂದು ಗುಟುಕು ಕುಡಿದು, ಒಬ್ಬರಿಗೊಬ್ಬರು ಕಣ್ಣು ಹೊಡೆದು, ಹುಳಿ ಹುಳಿ ಎನ್ನುತ್ತಿದ್ದರು.

ಅವಳು ಹೇಳುತ್ತಿದ್ದಳು. ಪ್ರತಿ ಸಲವೂ ಅದೇ ಮಾತು, ಅದೇ ದನಿ. ತಮಾಷೆಗೆಂದು ಒಂದು ಸಲವೂ ಹೇಳಲಿಲ್ಲ. ಯೆರ್ಗ್ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದ.

ಅವರು ನಕ್ಕು ಮುಗಿಯುವ ತನಕ ಅವಳು ಒಲೆ ಹತ್ತಿರ ನಿಂತು ಕಾಯುತ್ತಿದ್ದಳು. ಬೆಂಚಿನ ಈ ತುದಿಯಿಂದ ಆ ತುದಿಗೆ ಒಂದೊಂದೇ ಮುಖ ನೋಡುತ್ತಿದ್ದಳು, ಯಾವನಾದರೂ ಒಬ್ಬ ನಗದೆ ಇದ್ದಾನೇನೋ ಎಂದು. ಇರುತ್ತಿರಲಿಲ್ಲ. ಆಮೇಲೆ ಇನ್ಯಾರಿಗೆ ಯಾವುದು ಬೇಕು ಎಂದು ಕೇಳಿಕೊಂಡು, ಜಗ್ಗು ತೆಗೆದುಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದಳು.